ಸೂಜಿಗೆ ಮೊದಲು ಒಂದು ರಕ್ತಪರೀಕ್ಷೆ

(ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬರ ಅಭಿಪ್ರಾಯ)

ಪ್ರಿಪರೇಟರಿ ಪರೀಕ್ಷೆಯ ಟೈಮ್‌ಟೇಬಲ್ ನೋಟಿಸ್ ಬೋರ್ಡಿಗೆ ಬಂದಾಗಿನಿಂದ ನಮ್ಮ ತರಗತಿಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತಿದೆ. "ತುಂಬಾ ಸುಸ್ತು ಕಣೇ, ನಿನ್ನೆ ಸಂಜೆ ಹೋಗಿ ಒಂದು ಬಿ ಕಾಂಪ್ಲೆಕ್ಸ್ ಹಾಕಿಸಿಕೊಂಡು ಬಂದೆ." ಇನ್ನೊಬ್ಬಳು ಕೇಳುತ್ತಾಳೆ, "ಓದಿದ್ದು ತಲೆಯಲ್ಲಿ ನಿಲ್ಲುತ್ತದಂತೆ, ಹೌದಾ?" ಮೂರನೆಯವಳ ಉಮ್ಮ ಆಗಲೇ ಮಗಳನ್ನು ವಿರಾಜಪೇಟೆಗೆ ಕರೆದುಕೊಂಡು ಹೋಗಲು ದಿನ ನೋಡುತ್ತಿರುತ್ತಾರೆ. ಹುಡುಗರ ಕಡೆಯ ಬೆಂಚುಗಳಲ್ಲಿಯೂ ಇದೇ ಕಥೆ ಎಂದು ಕೇಳಿದ್ದೇನೆ. ಇತ್ತ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುತ್ತಿದೆ. ದಿನವಿಡೀ ಬಾಗಿ, ಚೀಲ ಹೊತ್ತು ಬಂದವರೂ ಮೈಕೈ ನೋವಿಗೆ ಅದೇ ಕೆಂಪು ಸೂಜಿಯನ್ನು ಕೇಳುತ್ತಾರೆ. ಕೆಲವರು ಅದಕ್ಕೆ "ಶಕ್ತಿಯ ಇಂಜೆಕ್ಷನ್" ಎಂದು ಹೆಸರನ್ನೇ ಇಟ್ಟಿದ್ದಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಬಿ ವಿಟಮಿನ್ ಇಂಜೆಕ್ಷನ್ ಒಳ್ಳೆಯ ಮದ್ದು, ಕೆಲವರಿಗೆ ಅದು ಜೀವವನ್ನೇ ಉಳಿಸುತ್ತದೆ. ಆದರೆ ಅದು ಕೊರತೆಗೆ ಮದ್ದೇ ಹೊರತು ಸುಸ್ತಿಗೆ ಮದ್ದಲ್ಲ. ಕೊರತೆ ಇದೆಯೋ ಇಲ್ಲವೋ ಎಂದು ನೋಡದೆ ಸೂಜಿ ಹಾಕಿಸಿಕೊಂಡರೆ ನಿಜವಾದ ಕಾಯಿಲೆ ಒಳಗೇ ಉಳಿದುಬಿಡುತ್ತದೆ. ಹುಡುಗಿಯರಾದ ನಮಗೆ ಆ ನಷ್ಟ ಹೆಚ್ಚು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಆ ಕೆಂಪು ಬಣ್ಣ ಎಲ್ಲಿಂದ ಬರುತ್ತದೆ? ನಮ್ಮ ರಸಾಯನಶಾಸ್ತ್ರ ಪುಸ್ತಕದ ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠದ ಕೊನೆಯಲ್ಲಿ ಕ್ಲೋರೋಫಿಲ್‌ನಲ್ಲಿ ಮೆಗ್ನೀಷಿಯಂ, ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ, ವಿಟಮಿನ್ ಬಿ12ರಲ್ಲಿ ಕೋಬಾಲ್ಟ್ ಎಂದು ಬರುತ್ತದೆ. ಎರಡು ಮಾರ್ಕಿನ ಪ್ರಶ್ನೆಗೆಂದು ಎಲ್ಲರೂ ಬಾಯಿಪಾಠ ಮಾಡುವ ಸಾಲು ಅದು. ಸೂಜಿಯ ಕೆಂಪು ಆ ಕೋಬಾಲ್ಟ್ ಸಂಯುಕ್ತದ ಬಣ್ಣ, ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. "ಕೆಂಪು ಮದ್ದು ಒಳಗೆ ಹೋದರೆ ರಕ್ತ ಹೆಚ್ಚುತ್ತದೆ" ಎಂದು ನಂಬುವವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಅದೇ ಪುಸ್ತಕದ ಬಯೋಮಾಲಿಕ್ಯೂಲ್ಸ್ ಪಾಠ ಹೇಳುವ ಇನ್ನೊಂದು ಮಾತೂ ಇಲ್ಲಿ ಮುಖ್ಯ. ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುತ್ತವೆ. ಬಿ12 ಒಂದನ್ನು ಬಿಟ್ಟು ಉಳಿದವನ್ನು ದೇಹ ಕೂಡಿಡುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಬಿ ಕಾಂಪ್ಲೆಕ್ಸ್ ತೆಗೆದುಕೊಂಡ ದಿನ ಮೂತ್ರ ಗಾಢ ಹಳದಿಯಾಗುವುದು ಬಿ2ರಿಂದ. ಹಾಗಾದಾಗ ಮದ್ದು ಕೆಲಸ ಮಾಡುತ್ತಿದೆ ಎಂದು ಖುಷಿಪಡುವವರಿದ್ದಾರೆ, ಆದರೆ ಕಾಸು ಕೊಟ್ಟು ಕೊಂಡದ್ದೇ ಅಲ್ಲಿ ಹರಿದುಹೋಗುತ್ತಿರುತ್ತದೆ.

ಈ ವಿಟಮಿನ್‌ಗಳ ಕಥೆಯಲ್ಲಿ ನಮ್ಮ ಪಕ್ಕದ ಬೆಟ್ಟಗಳಿಗೂ ಪಾಲಿದೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಇಲ್ಲಿಂದ ವಯನಾಡು, ಗೂಡಲೂರು ದಾಟಿ ಹೋದರೆ ನೀಲಗಿರಿಯ ಕೂನೂರು ಸಿಗುತ್ತದೆ. 1918ರಲ್ಲಿ ಅಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಬಗ್ಗೆ ಸಂಶೋಧನೆ ಶುರುಮಾಡಿದರು. ಬಿ1 ಇಲ್ಲದೆ ಬರುವ ಕಾಯಿಲೆ ಅದು. ಕಾಲು ಜೋಮು ಹಿಡಿಯುತ್ತದೆ, ಊದಿಕೊಳ್ಳುತ್ತದೆ, ಕೊನೆಗೆ ಹೃದಯ ಸೋಲುತ್ತದೆ. ಇಡೀ ದಕ್ಷಿಣ ಭಾರತ ಅನ್ನ ತಿನ್ನುತ್ತಿದ್ದರೂ ಬೆರಿಬೆರಿ ಹೆಚ್ಚಾಗಿ ಕಂಡದ್ದು ಆಂಧ್ರದ ಕರಾವಳಿಯಲ್ಲಿ, ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ತಿನ್ನುವವರಲ್ಲಿ. ಕುಚ್ಚಲಕ್ಕಿ ತಿನ್ನುವ ಕಡೆಗಳಲ್ಲಿ ಅದು ಅಷ್ಟಾಗಿ ಇರಲಿಲ್ಲ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ1 ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತೌಡು ಹೋದರೂ ಒಳಗಿನದು ಉಳಿಯುತ್ತದೆ. ಕುಚ್ಚಲಕ್ಕಿ ಗಂಜಿ ಬಡವರ ಊಟ ಎಂದು ಮೂಗು ಮುರಿಯುವವರಿಗೆ ಈ ಮಾತನ್ನು ಹೇಳಬೇಕು. ಕೂನೂರಿನ ಆ ಒಂದು ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

1928ರಲ್ಲಿ ಇಂಗ್ಲೆಂಡಿನಿಂದ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಗರ್ಭಿಣಿಯರಾದಾಗ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಆಕೆ ಅವರ ಮನೆಗಳಿಗೆ ಹೋಗಿ ಏನು ತಿನ್ನುತ್ತಾರೆ ಎಂದು ನೋಡಿದರು, ಕೂನೂರಿನಲ್ಲಿಯೂ ಕೆಲಸ ಮಾಡಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದಾಗ ಆ ಸಾರದಲ್ಲಿ ಇದ್ದದ್ದು ಏನೆಂದು ಗೊತ್ತಿರಲಿಲ್ಲ. ಅದು ಫೋಲಿಕ್ ಆಸಿಡ್, ಅಂದರೆ ಬಿ9. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್.

ಬಿ12ರ ದಾರಿ ಬೇರೆ. ಪರ್ನಿಷಿಯಸ್ ಅನೀಮಿಯಾ ಎಂಬ ರಕ್ತಹೀನತೆ ಬಂದವರು ಸಾಯುವುದೇ ಎಂದಿದ್ದ ಕಾಲದಲ್ಲಿ, 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ ಬದುಕಿಸಿದರು. ಅದಕ್ಕೆ ದಾರಿ ತೋರಿದ ವಿಪ್ಪಲ್ ಅವರೊಂದಿಗೆ 1934ರಲ್ಲಿ ನೊಬೆಲ್ ಬಂತು. ಲಿವರ್‌ನಲ್ಲಿದ್ದ ವಸ್ತು ಕೆಂಪು ಹರಳಾಗಿ ಸಿಕ್ಕಿದ್ದು 1948ರಲ್ಲಿ. ಅದರ ಒಳರಚನೆಯನ್ನು ಎಕ್ಸ್‌ರೇಯಿಂದ ಬಿಡಿಸಿದ ಡೊರೊಥಿ ಹಾಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಸಿಕ್ಕಿತು.

ಲಿವರ್ ತಿಂದರೆ ಸಾಕಾಗಿದ್ದಕ್ಕೆ ಸೂಜಿ ಯಾಕೆ ಬಂತು? ಊಟದಲ್ಲಿರುವ ಬಿ12 ಹೊಟ್ಟೆಯ ಆಮ್ಲದಿಂದ ಬಿಡುಗಡೆಯಾಗಬೇಕು. ಜಠರವೇ ತಯಾರಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನಿನ ಕೈ ಹಿಡಿದು ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಹೋಗಿ ಅಲ್ಲಿ ರಕ್ತ ಸೇರಬೇಕು. ಆ ಪ್ರೋಟೀನ್ ಇಲ್ಲದವರಿಗೆ, ಜಠರದ ಆಪರೇಷನ್ ಆದವರಿಗೆ, ಕರುಳಿನ ಆ ಭಾಗ ಕೆಟ್ಟವರಿಗೆ ಎಷ್ಟು ತಿಂದರೂ ಒಳಗೆ ಹೋಗುವುದು ಅತಿ ಕಡಿಮೆ. ಸೂಜಿ ಹೊಟ್ಟೆಯ ದಾರಿಯನ್ನೇ ಬಿಟ್ಟು ನೇರ ಮಾಂಸಖಂಡಕ್ಕೆ ಹೋಗುತ್ತದೆ. ಇದೇ ಬಿ12 ಇಂಜೆಕ್ಷನ್ನಿನ ನಿಜವಾದ ಉಪಕಾರ.

ನಮ್ಮ ಮನೆಯಲ್ಲೇ ಅದನ್ನು ಕಂಡಿದ್ದೇನೆ. ನನ್ನ ಉಮ್ಮಮ್ಮ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದಾರೆ. ಎರಡು ವರ್ಷದ ಹಿಂದೆ ಅವರ ಕಾಲಡಿ ಉರಿ, ಜೋಮು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದರೂ ಗೊತ್ತಾಗುತ್ತಿರಲಿಲ್ಲ, ಬರಿಗಾಲಲ್ಲೇ ಅಂಗಳ ದಾಟಿಬಿಡುತ್ತಿದ್ದರು. ಎಲ್ಲರೂ ವಯಸ್ಸಾಯಿತು ಎಂದರು. ಒಬ್ಬ ಡಾಕ್ಟರು ಮಾತ್ರ ಮಾತ್ರೆಗಳ ಡಬ್ಬಿ ತರಿಸಿ ನೋಡಿ, ಈ ಮಾತ್ರೆ ಬಹಳ ವರ್ಷ ತಿಂದರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಬಿ12 ತೀರಾ ಕಡಿಮೆ ಇತ್ತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು ಇಂಜೆಕ್ಷನ್. ಉರಿ ಕಡಿಮೆಯಾಗಲು ಮೂರು ನಾಲ್ಕು ತಿಂಗಳು ಬೇಕಾಯಿತು. ಜೋಮು ಪೂರ್ತಿ ಹೋಗಿಲ್ಲ. ನರ ಒಮ್ಮೆ ಕೆಟ್ಟರೆ ಎಲ್ಲವೂ ವಾಪಸ್ ಬರುವುದಿಲ್ಲ, ಬೇಗ ಬರಬೇಕಿತ್ತು ಎಂದರು ಡಾಕ್ಟರು. ಸಕ್ಕರೆ ಮಾತ್ರೆ ತಿನ್ನುವ ಅಜ್ಜ ಅಜ್ಜಿ ಯಾರ ಮನೆಯಲ್ಲಿ ಇಲ್ಲ? ಅವರ ಕಾಲು ಜೋಮು ಹಿಡಿಯುತ್ತದೆಯೇ ಎಂದು ಈ ವಾರ ಕೇಳಿ ನೋಡಿ. ಸಕ್ಕರೆ ಕಾಯಿಲೆಯಿಂದಲೂ ಅದು ಬರಬಹುದು, ಬಿ12 ಕೊರತೆಯಿಂದಲೂ ಬರಬಹುದು. ಪರೀಕ್ಷೆ ಮಾಡಿದರಷ್ಟೇ ಗೊತ್ತಾಗುವುದು.

ನಮ್ಮ ಜಿಲ್ಲೆಯಲ್ಲಿ ಹೇಳಲೇಬೇಕಾದ ಇನ್ನೊಂದು ಗುಂಪು ಇದೆ. ಬಹಳ ವರ್ಷ ಕುಡಿದು, ಸರಿಯಾಗಿ ಊಟ ಮಾಡದವರ ದೇಹದಲ್ಲಿ ಬಿ1 ಬರಿದಾಗುತ್ತದೆ. ಒಮ್ಮೆಲೇ ಗೊಂದಲಕ್ಕೆ ಬೀಳುತ್ತಾರೆ, ಕಣ್ಣು ತಿರುಗುತ್ತದೆ, ನಡೆಯಲು ಆಗುವುದಿಲ್ಲ. "ಕುಡಿದಿದ್ದಾನೆ ಬಿಡು" ಎಂದು ಲೈನ್‌ಮನೆಯ ಜಗುಲಿಯಲ್ಲಿ ಮಲಗಿಸಿಬಿಡುತ್ತಾರೆ. ಆಸ್ಪತ್ರೆಗೆ ಒಯ್ದರೆ ರಕ್ತನಾಳಕ್ಕೆ ಕೊಡುವ ಬಿ1 ಮೆದುಳನ್ನು ಉಳಿಸಬಲ್ಲದು. ಕುಡಿತದ ಬಗ್ಗೆ ನಮ್ಮ ನಿಲುವು ಏನೇ ಇರಲಿ, ಆ ಹೊತ್ತಿನಲ್ಲಿ ಬೇಕಾದದ್ದು ಜೀಪು, ಉಪದೇಶವಲ್ಲ.

ಈಗ ಪರೀಕ್ಷೆಗೆ ಓದುತ್ತಿರುವ ಹದಿನೇಳು ವರ್ಷದವರ ವಿಷಯ. ಒಬ್ಬ ವಯಸ್ಕನಿಗೆ ದಿನಕ್ಕೆ ಬೇಕಾದ ಬಿ12 ಎರಡು ಮೈಕ್ರೋಗ್ರಾಮ್‌ಗಿಂತ ತುಸು ಹೆಚ್ಚು. ಒಂದು ಸೂಜಿಯಲ್ಲಿ ಸಾಮಾನ್ಯವಾಗಿ ಇರುವುದು 1000 ಮೈಕ್ರೋಗ್ರಾಮ್. ಮೊದಲೇ ನಮ್ಮ ಲಿವರ್‌ನಲ್ಲಿ ಕೆಲವು ವರ್ಷಕ್ಕೆ ಸಾಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ಮತ್ತಿ ಮೀನಿನ ಸಾರು, ಮೊಟ್ಟೆ, ಹಾಲು, ಕೋಳಿ ಲಿವರ್ ಇರುವ ಮನೆಯಲ್ಲಿ ಬೆಳೆದ ಆರೋಗ್ಯವಂತ ಹುಡುಗನಿಗೆ ಆ ದಾಸ್ತಾನು ಬರಿದಾಗಿರುವ ಸಾಧ್ಯತೆ ಕಡಿಮೆ. ಬಿ ವಿಟಮಿನ್‌ಗಳು ಶಕ್ತಿ ಕೊಡುವುದಿಲ್ಲ, ಊಟದಿಂದ ಶಕ್ತಿ ಬಿಡಿಸಲು ಕಿಣ್ವಗಳಿಗೆ ಸಹಾಯ ಮಾಡುತ್ತವೆ. ಜೀಪಿನ ಲೆಕ್ಕದಲ್ಲಿ ಹೇಳುವುದಾದರೆ ಅವು ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಅಲ್ಲ. ಪ್ಲಗ್ ಕೆಟ್ಟರೆ ಗಾಡಿ ಹೊರಡುವುದಿಲ್ಲ, ನಿಜ. ಆದರೆ ಸರಿಯಿರುವ ಗಾಡಿಗೆ ಇನ್ನೂ ಹತ್ತು ಪ್ಲಗ್ ಸೀಟಿನ ಕೆಳಗೆ ಇಟ್ಟುಕೊಂಡರೆ ಏರು ಬೇಗ ಹತ್ತುತ್ತದೆಯೇ?

"ಆದರೆ ಹಾಕಿಸಿಕೊಂಡ ಮೇಲೆ ನನಗೆ ಚೆನ್ನಾಗಿ ಅನಿಸಿತಲ್ಲ?" ಎಂದು ಗೆಳತಿ ಕೇಳಿದಳು. ಅನಿಸಿರಬಹುದು, ಅವಳು ಸುಳ್ಳು ಹೇಳುತ್ತಿಲ್ಲ. ಡಾಕ್ಟರು ನೋಡಿದರು, ಬಣ್ಣದ ಮದ್ದು ಬಂತು, ಚುಚ್ಚಿದ ನೋವಾಯಿತು, ಮನೆಯವರು ಇವತ್ತು ಓದುವುದು ಬೇಡ ಮಲಗು ಎಂದರು. ಇಷ್ಟಾದರೆ ಮನಸ್ಸು ಹಗುರವಾಗುತ್ತದೆ. ಮಾತ್ರೆಗಿಂತ ಸೂಜಿಯ ಮೇಲೆ ಜನರಿಗೆ ನಂಬಿಕೆ ಹೆಚ್ಚು ಎಂಬುದು ಎಲ್ಲ ಡಾಕ್ಟರುಗಳಿಗೂ ಗೊತ್ತು. ನನಗನಿಸುವುದು, ಆ ದಿನ ಅವಳಿಗೆ ನಿಜವಾಗಿ ಸಿಕ್ಕಿದ ಮದ್ದು ನಿದ್ದೆ. ನಮ್ಮ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಒಂದರವರೆಗೆ ಓದಿ, ಬೆಳಗ್ಗೆ ಆರೂವರೆಗೆ ಎದ್ದು, ತಿಂಡಿ ಬಿಟ್ಟು ಅಮ್ಮತ್ತಿಯಿಂದಲೋ ಪೊನ್ನಂಪೇಟೆಯಿಂದಲೋ ಬಸ್ಸಿಗೆ ಓಡಿ ಬಂದವರು ಮೂರನೇ ಪೀರಿಯಡ್ಡಿಗೆ ತೂಕಡಿಸುವುದಕ್ಕೆ ವಿಟಮಿನ್ ಕೊರತೆ ಹುಡುಕಬೇಕಾಗಿಲ್ಲ.

ನನಗೆ ಹೆಚ್ಚು ಕಾಳಜಿ ಇರುವುದು ಹುಡುಗಿಯರ ಬಗ್ಗೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ದೊಡ್ಡ ಕಾರಣ ಕಬ್ಬಿಣಾಂಶದ ಕೊರತೆ. ತಿಂಗಳು ತಿಂಗಳು ರಕ್ತ ಹೋಗುತ್ತದೆ, ಊಟದಿಂದ ಅಷ್ಟು ಕಬ್ಬಿಣ ಬರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸುತ್ತು, ಓದಲು ಕೂತರೆ ಗಮನ ನಿಲ್ಲುವುದಿಲ್ಲ. ಇವೆಲ್ಲವೂ "ವೀಕ್‌ನೆಸ್" ಎಂಬ ಒಂದೇ ಪದದಲ್ಲಿ ಸೇರಿಹೋಗುತ್ತವೆ, ವೀಕ್‌ನೆಸ್ ಎಂದ ಕೂಡಲೇ ಬಿ ಕಾಂಪ್ಲೆಕ್ಸ್ ಬರುತ್ತದೆ. ಸಾಮಾನ್ಯ ಬಿ ಕಾಂಪ್ಲೆಕ್ಸ್ ಸೂಜಿಯಲ್ಲಿ ಕಬ್ಬಿಣ ಇಲ್ಲ. ಹತ್ತು ಸೂಜಿ ಹಾಕಿಸಿಕೊಂಡರೂ ಹಿಮೋಗ್ಲೋಬಿನ್ 9 ಇದ್ದದ್ದು 9ರಲ್ಲೇ ಇರುತ್ತದೆ. ಮದ್ದು ತೆಗೆದುಕೊಂಡಿದ್ದೇವೆ ಎಂಬ ಸಮಾಧಾನದಲ್ಲಿ ಇನ್ನೊಂದು ವರ್ಷ ಕಳೆಯುತ್ತದೆ. ಮುಂದೆ ಮದುವೆ, ಹೆರಿಗೆ ಬಂದಾಗ ಆ ರಕ್ತಹೀನತೆ ಎರಡು ಜೀವಕ್ಕೆ ಅಪಾಯ.

ಇದಕ್ಕೆ ಸರಿಯಾದ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನೆನಪಿದೆಯಲ್ಲ? ಅದರಲ್ಲಿ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಸಿಡ್, ಅಂದರೆ ಲೂಸಿ ವಿಲ್ಸ್ ಹುಡುಕಿದ ಅದೇ ಬಿ ವಿಟಮಿನ್. ಕಾಸು ಕೊಟ್ಟು ಚುಚ್ಚಿಸಿಕೊಳ್ಳುವ ಬಿ ವಿಟಮಿನ್ನಿಗೆ ಎಷ್ಟು ಮರ್ಯಾದೆ, ಕಾಸಿಲ್ಲದೆ ಕೊಡುವ ಬಿ ವಿಟಮಿನ್ನಿಗೆ ಎಷ್ಟು ತಾತ್ಸಾರ! ಎಷ್ಟು ಮಾತ್ರೆ ಕಿಟಕಿಯಿಂದ ಹೊರಗೆ ಹೋಗಿದೆಯೋ ಲೆಕ್ಕ ಇಟ್ಟವರಿಲ್ಲ. ಒಂದು ಎಚ್ಚರಿಕೆ: ಕಾಫಿ, ಟೀ ಜೊತೆ ಆ ಮಾತ್ರೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೊಡಗಿನವರಿಗೆ ಇದು ಕಷ್ಟದ ಮಾತು, ಗೊತ್ತು. ಊಟದ ನಂತರ ನಿಂಬೆ ಶರಬತ್ತಿನ ಜೊತೆ ತೆಗೆದುಕೊಂಡು, ಕಾಫಿಯನ್ನು ಒಂದೆರಡು ಗಂಟೆ ಮುಂದೆ ಹಾಕಿ.

ಸುಮ್ಮನೆ ಹಾಕಿಸಿಕೊಂಡರೆ ಏನು ನಷ್ಟ, ಹೆಚ್ಚಾದದ್ದು ಹೊರಗೆ ಹೋಗುತ್ತದಲ್ಲ ಎನ್ನುವವರಿಗೆ ಎರಡು ಮಾತು. ಸೂಜಿ ಮೊದಲು, ಪರೀಕ್ಷೆ ಆಮೇಲೆ ಎಂದಾದರೆ ಬಿ12 ರಿಪೋರ್ಟ್ ಮೇಲಕ್ಕೆ ಏರಿರುತ್ತದೆ, ಕೊರತೆ ಇತ್ತೋ ಇಲ್ಲವೋ ಆಮೇಲೆ ತಿಳಿಯುವುದು ಕಷ್ಟ. ಎರಡನೆಯದು ಸೂಜಿಯದೇ ಅಪಾಯ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳಿಂದ ಹೆಪಟೈಟಿಸ್ ಬಿ ಹರಡಿ ಅನೇಕರು ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವುನಲ್ಲಿ ನಲವತ್ತಕ್ಕೂ ಹೆಚ್ಚು ಜನರಲ್ಲಿ ಎಚ್‌ಐವಿ ಪತ್ತೆಯಾಯಿತು. ಒಬ್ಬ ನಕಲಿ ವೈದ್ಯ ಒಂದೇ ಸೂಜಿಯನ್ನು ಹಲವರಿಗೆ ಬಳಸಿದ್ದೇ ಕಾರಣ ಎಂದು ಅಲ್ಲಿನ ಆರೋಗ್ಯ ಅಧಿಕಾರಿಗಳು ಹೇಳಿದರು. ಸಣ್ಣಪುಟ್ಟ ಕಾಯಿಲೆಗೆ ಹೋದ ಹಳ್ಳಿಯ ಜನ ಅವರು. ನಮ್ಮ ಆಸ್ಪತ್ರೆಗಳಲ್ಲಿ ಹಾಗಿಲ್ಲ ಎಂದು ನಾವು ನಂಬಬಹುದು, ಆದರೂ ಹೊಸ ಸಿರಿಂಜಿನ ಕವರನ್ನು ನಮ್ಮೆದುರಿಗೇ ಬಿಚ್ಚಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಪರೂಪಕ್ಕೆ ಈ ಮದ್ದಿಗೂ ತೀವ್ರ ಅಲರ್ಜಿ ಆಗುವುದುಂಟು. ಆದ್ದರಿಂದ ಡಾಕ್ಟರಿಲ್ಲದ ಕಡೆ, ಮೆಡಿಕಲ್ ಶಾಪಿನ ಹಿಂಬದಿಯಲ್ಲಿ, ಪರಿಚಯದವರ ಮನೆಯಲ್ಲಿ ಹಾಕಿಸಿಕೊಳ್ಳಲೇಬಾರದು. ಬಿ6 ಅತಿಯಾಗಿ, ಬಹಳ ಕಾಲ ತೆಗೆದುಕೊಂಡರೆ ಅದೇ ನರವನ್ನು ಕೆಡಿಸುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವ ಗೆಳತಿಯರಿಗೂ ಒಂದು ಮಾತು: ಅದು ಥೈರಾಯ್ಡ್ ಪರೀಕ್ಷೆಯ ರಿಪೋರ್ಟನ್ನು ತಪ್ಪಾಗಿ ತೋರಿಸಬಹುದು, ರಕ್ತ ಕೊಡುವಾಗ ಲ್ಯಾಬಿನವರಿಗೆ ಹೇಳಿ.

ಕೊರತೆ ಇದ್ದರೂ ಎಲ್ಲರಿಗೂ ಸೂಜಿಯೇ ಬೇಕೆಂದಿಲ್ಲ. ದಿನಕ್ಕೆ 1000 ಮೈಕ್ರೋಗ್ರಾಮಿನ ಬಿ12 ಮಾತ್ರೆ ತಿಂದರೆ, ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ನೂರಕ್ಕೆ ಒಂದರಷ್ಟು ಹಾಗೆಯೇ ಒಳಗೆ ಹೋಗುತ್ತದೆ. ನೂರಕ್ಕೆ ಒಂದು ಅಂದರೆ 10 ಮೈಕ್ರೋಗ್ರಾಮ್, ದಿನದ ಅಗತ್ಯಕ್ಕಿಂತ ಹೆಚ್ಚೇ ಆಯಿತು. ನರದ ತೊಂದರೆ ಇರುವವರಿಗೆ, ಕೊರತೆ ತೀವ್ರವಾಗಿರುವವರಿಗೆ ಡಾಕ್ಟರು ಸೂಜಿಯಿಂದಲೇ ಶುರುಮಾಡುತ್ತಾರೆ, ಅದು ಸರಿ. ಉಳಿದವರು "ಮಾತ್ರೆ ಸಾಲದೇ ಡಾಕ್ಟ್ರೇ?" ಎಂದು ಕೇಳಬಹುದು. ನಮ್ಮ ಜೊತೆ ಓದುವ ಸಸ್ಯಾಹಾರಿ ಮನೆಗಳ ಗೆಳೆಯರು ಈ ವಿಷಯವನ್ನು ತುಸು ಹೆಚ್ಚು ಗಮನಿಸಬೇಕು. ಸೊಪ್ಪು, ತರಕಾರಿ, ಬೇಳೆಯಲ್ಲಿ ಬಿ12 ಇಲ್ಲ, ಹಾಲು ಮೊಸರೇ ಅವರ ಆಧಾರ. ಅವರಲ್ಲಿ ಯಾರಿಗಾದರೂ ಬಾಯಿಹುಣ್ಣು, ಕೈಕಾಲು ಜೋಮು, ಬಿಡದ ಸುಸ್ತು ಇದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ರಮಳಾನ್ ಬಂದಾಗ ಉಪವಾಸ ಹಿಡಿಯಲು ಬಲ ಬೇಕೆಂದು ಸೂಜಿ ಹಾಕಿಸಿಕೊಳ್ಳುವವರೂ ಇದ್ದಾರೆ. ಉಪವಾಸದ ಹೊತ್ತಿನಲ್ಲಿ ಹಾಕಿಸಿಕೊಳ್ಳಬಹುದೇ ಎಂಬುದು ಉಸ್ತಾದರಲ್ಲಿ ಕೇಳಬೇಕಾದ ಪ್ರಶ್ನೆ, ಬೇಕೇ ಎಂಬುದು ಡಾಕ್ಟರಲ್ಲಿ ಕೇಳಬೇಕಾದದ್ದು. ನಾನು ನೋಡಿದ ಮಟ್ಟಿಗೆ ಸಹರಿಗೆ ಏಳದೆ ಬರೀ ನೀರು ಕುಡಿದು ಮಲಗಿದವರಿಗೇ ಮಧ್ಯಾಹ್ನ ಬಲ ಸಾಲದೇ ಹೋಗುವುದು.

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನದೊಂದು ವಿನಂತಿ. ಪ್ರಿಪರೇಟರಿಗೆ ಮೊದಲು ಸರ್ಕಾರಿ ಆಸ್ಪತ್ರೆಯವರನ್ನು ಕರೆಸಿ ಒಂದು ದಿನ ಹಿಮೋಗ್ಲೋಬಿನ್ ಪರೀಕ್ಷೆ ನಡೆಸಿಕೊಡಿ. ಬೆರಳ ತುದಿಯಿಂದ ಒಂದು ಹನಿ ರಕ್ತ ಸಾಕು, ನೂರು ಜನರದ್ದು ಒಂದು ಬೆಳಗ್ಗೆ ಮುಗಿಯುತ್ತದೆ. ಹುಡುಗಿಯರ ಪರೀಕ್ಷೆಗೆ ನಮ್ಮ ಜೀವಶಾಸ್ತ್ರದ ಮೇಡಂ ಜೊತೆಗಿರಲಿ. ರಿಪೋರ್ಟನ್ನು ತರಗತಿಯಲ್ಲಿ ಗಟ್ಟಿಯಾಗಿ ಓದದೆ ಅವರವರ ಕೈಗೇ ಕೊಡಲಿ. 12ಕ್ಕಿಂತ ಕಡಿಮೆ ಬಂದವರನ್ನು ತಾಲ್ಲೂಕು ಆಸ್ಪತ್ರೆಯ ಹದಿಹರೆಯದವರ ಸ್ನೇಹ ಕ್ಲಿನಿಕ್ಕಿಗೆ ಕಳಿಸಿ. ಅಲ್ಲಿ ಕಾರಣ ನೋಡಿ ಕಬ್ಬಿಣವೋ ಬಿ12ವೋ ಬೇರೇನೋ ಎಂದು ತೀರ್ಮಾನಿಸಲಿ. ವಾರಕ್ಕೊಮ್ಮೆ ನೀಲಿ ಮಾತ್ರೆ ಕೊಡುವ ಕೆಲಸ ಕಾಲೇಜಿನಲ್ಲೂ ನಡೆಯುವುದಾದರೆ, ಮಧ್ಯಾಹ್ನ ಊಟ ಮುಗಿದ ಮೇಲೆ ಕೊಡಿ. ಖಾಲಿ ಹೊಟ್ಟೆಯಲ್ಲಿ ತಿಂದು ವಾಕರಿಕೆ ಬಂದವರೇ ಆಮೇಲೆ ಎಸೆಯುವುದು. ನೀರಿನ ಜಗ್ ಇಡುವುದಕ್ಕೆ, ಹಾಜರಿ ಬರೆದುಕೊಳ್ಳುವುದಕ್ಕೆ ನಮ್ಮ ವಿಭಾಗದಿಂದ ಆರು ಮಂದಿ ಈಗಾಗಲೇ ಹೆಸರು ಕೊಟ್ಟಿದ್ದೇವೆ.